ಖಾಲಿ ಬ್ಯಾರನ್ನಿನ ಬೆಂಕಿ

೧೯ ಆಗಸ್ಟ್ ೨೦೨೫, ಮಂಗಳವಾರ ರಾತ್ರಿ

ಅತ್ತೆಯ ಸುಳ್ಳು ನೆನೆದರೆ ಈಗಲೂ ನಗು ಬರುತ್ತದೆ.

ಜಮೀನಿನ ಸಾಲ ಕಟ್ಟಿಲ್ಲವೆಂದು ನಮ್ಮನ್ನು ಹೊರಗೆ ಹಾಕಿ, ಮನೆಗೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೂ ಬೀಗ ಜಡಿಯಲು ಇವತ್ತು ಸರ್ಕಾರದ ಜೀಪು ಬಂತು. ನಮ್ಮ ಯಜಮಾನರು ತಡೆಯಾಜ್ಞೆಗೆಂದು ಮೈಸೂರಿನಲ್ಲಿ ವಕೀಲರ ಹಿಂದೆ ಓಡಾಡುತ್ತಿದ್ದಾರೆ. ಇನ್ನೂ ಒಂದು ವಾರ ಬೇಕಂತೆ. ಜೀಪು ಕಂಡದ್ದೇ ತಡ, ಅತ್ತೆ ಖಾಲಿ ಬ್ಯಾರನ್ನಿನ ಒಲೆಗೆ ಸೌದೆ ತುರುಕಿ ಬೆಂಕಿ ಹಚ್ಚಿಬಿಟ್ಟರು.

"ಒಳ್ಗೆ ಸೊಪ್ಪು ಬೇಯ್ತಾ ಅದೆ ಕಣಪ್ಪ. ವಾರಗಂಟ ಬೆಂಕಿ ಕಾಯ್ಬೇಕು. ಬೀಗ ಆಕ್ಬುಟ್ಟು ನೀವೇ ಕಾದೀರಾ?"

ಅಧಿಕಾರಿ ಬ್ಯಾರನ್ನಿಗೆ ಒಂದು ಸುತ್ತು ಬಂದು, ಬಾಗಿಲ ಸಂದಿಗೆ ಮೂಗಿಟ್ಟು ಮೂಸಿದರು.

"ಉಣ್ಸೂರ್ ತಾವ ನಮ್ಮಪ್ಪಂದೂ ಬ್ಯಾರನ್ ಇತ್ತು ಕಣಜ್ಜಿ. ಬೇಯೋ ಸೊಪ್ಪಿನ ವಾಸ್ನೆ ನಂಗೊತ್ತು," ಎಂದವರು ದನಿ ತಗ್ಗಿಸಿದರು. "ವಾರ ಬುಟ್ಟು ಬತ್ತೀನಿ. ಇವತ್ತೇ ಸೊಪ್ಪು ತುಂಬ್ಸಿ. ಬೇರೆಯೋರು ಬಂದ್ರೆ ವಾಸ್ನೆ ಇರ್ಬೇಕು."

ಜೀಪು ಹೋದ ಮೇಲೆ, ಸೊಪ್ಪು ತುಂಬಲೆಂದು ಬೆಂಕಿ ಆರಿಸಿದೆವು. ಸಂಜೆಯೆಲ್ಲ ಬೀದಿಯ ಹೆಂಗಸರು ಕೂತು, ಬಿದ್ದು ಬಿದ್ದು ನಗುತ್ತಾ, ಹೊಲದಿಂದ ಮುರಿದು ತಂದ ಸೊಪ್ಪನ್ನು ಬ್ಯಾರನ್ನಿನಲ್ಲಿ ತೂಗುಹಾಕಲು ಕಡ್ಡಿಗೆ ಕಟ್ಟಿದರು. ಅತ್ತೆಗೆ ಮಾತ್ರ ಸಿಟ್ಟು.

"ಬ್ಯಾರನ್ನೋರ ಮಗ ಅಂತ ಆವಯ್ಯ ಮೊದ್ಲೇ ಯೋಳಿದ್ರೆ ನನ್ ಸೌದೆ ಉಳೀತಿತ್ತು."

ಸೊಪ್ಪಿನ ಅಂಟು ಎಷ್ಟು ತೊಳೆದರೂ ಹೋಗಿಲ್ಲ, ಪೆನ್ನು ಬೆರಳು ಬಿಡುತ್ತಿಲ್ಲ. ಈಗ ಉರಿಯುತ್ತಿರುವುದು ನಿಜವಾದ ಬೆಂಕಿ. ಅತ್ತೆ ಕೂಗುತ್ತಿದ್ದಾರೆ, ಕಾಯುವ ಸರದಿ ನನ್ನದು.