ಸುಬ್ಬಮ್ಮನ ಮೀಟರು, ನಿಮ್ಮ ಸರಾಸರಿ

ಮಾನ್ಯರೇ,

ಹಾಗೆ ಕರೆಯುವುದು ಮೂವತ್ತೊಂದು ವರ್ಷ ಗಣಿತದ ಮೇಷ್ಟರಾಗಿದ್ದವನ ರೂಢಿ, ಬೇರೆ ಅರ್ಥ ಹುಡುಕಬೇಡಿ. ತಮ್ಮ ಮಧುಮೇಹ ಮಾಹಿತಿ ಗಣಕೀಕರಣ ಘಟಕದ ಲೆಕ್ಕ ತಪ್ಪಿ ಹರದನಹಳ್ಳಿಯ ಸುಬ್ಬಮ್ಮ ಎಂಬ ಹೆಣ್ಣುಮಗಳು ಸತ್ತಿದ್ದಾಳೆ. ಕಳೆದ ವಾರ ತಮ್ಮ ಕಚೇರಿಯಿಂದ ಬಂದ ಪತ್ರ ಆ ಸಾವಿಗೆ ಅವಳನ್ನೇ ಹೊಣೆ ಮಾಡಿದೆ. 'ಸಾಧನದ ದುರ್ಬಳಕೆ' ಎಂದು ಅದರಲ್ಲಿ ಬರೆದಿದೆ. ಆ ಮಾತನ್ನು ತಾವು ವಾಪಸು ತೆಗೆದುಕೊಳ್ಳಬೇಕು. ತಮಗೆ ಖಾಸಗಿಯಾಗಿ ಮೂರು ಅರ್ಜಿ ಬರೆದು ಅವುಗಳ ಗತಿ ನೋಡಿಯಾಗಿದೆ. ಅದಕ್ಕೇ ಈ ನಾಲ್ಕನೆಯದನ್ನು ಊರಿನವರೆಲ್ಲ ಓದಲೆಂದು ಪತ್ರಿಕೆಗೆ ಕೊಟ್ಟಿದ್ದೇನೆ.

ತಮಗೆ ಗೊತ್ತಿರುವುದನ್ನು ಓದುಗರಿಗಾಗಿ ಹೇಳುತ್ತೇನೆ. ಈ ವರ್ಷದ ಏಪ್ರಿಲ್‌ನಲ್ಲಿ ತಮ್ಮ ಘಟಕವು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮುನ್ನೂರ ನಲವತ್ತು ಮಂದಿಗೆ ಒಂದೊಂದು ಗ್ಲುಕೋಮೀಟರು ಕೊಟ್ಟಿತು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಸಕ್ಕರೆ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ, ತೋರಿಸಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಒಳ್ಳೆಯ ಯಂತ್ರ, ಅದರ ಮೇಲೆ ನನಗೆ ಸಿಟ್ಟಿಲ್ಲ. ಜೊತೆಗೆ ಒಂದು ವೈರು, ಒಂದು ಸುತ್ತೋಲೆ. ಪ್ರತಿ ತಿಂಗಳೂ ಮೀಟರನ್ನು 'ಹೊಂದಾಣಿಕೆಯಾಗುವ ಗಣಕಯಂತ್ರ ಅಥವಾ ಮೊಬೈಲಿಗೆ' ಜೋಡಿಸಿ ಮಾಹಿತಿ ರವಾನಿಸತಕ್ಕದ್ದು, ಕೈಬರಹದ ವಿವರಗಳನ್ನು ಸ್ವೀಕರಿಸಲಾಗುವುದಿಲ್ಲ. ಸುಬ್ಬಮ್ಮನ ಗಂಡ ರಾಮಣ್ಣನ ಹತ್ತಿರ ಒಂದು ಮೊಬೈಲಿದೆ, ಅದರಲ್ಲಿ ಟಾರ್ಚು ಇದೆ. ಅವರ ಮನೆಯ ಮುಂಭಾಗದಲ್ಲಿ ಬಾಡಿಗೆಗಿರುವ ನಾನು ಸುತ್ತೋಲೆ ಓದಿ ಹೇಳಿದಾಗ ಆತ ಮೊಬೈಲನ್ನು ತಿರುಗಿಸಿ ನೋಡಿ, "ಇದೂ ನನ್ನಂಗೇ ಸಾ, ಯಾರ್ ಜೊತ್ಗೂ ಒಂದ್ಕಳಲ್ಲ" ಅಂದ.

ಹೊಂದಾಣಿಕೆಯಾಗುವ ಗಣಕಯಂತ್ರ ಎಲ್ಲಿದೆ ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ಅದನ್ನು ಹುಡುಕಲು ನಾವು ಮೂವರೂ ಹೊರಟೆವು. ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಹೊಸ ಕಂಪ್ಯೂಟರಿತ್ತು. ತಮ್ಮ ವೈರಿನ ತುದಿಯಲ್ಲಿ ಒಂಬತ್ತು ಮುಳ್ಳು, ಅದರಲ್ಲಿದ್ದದ್ದು ಚಪ್ಪಟೆ ತೂತು. ಹಳೆಯ ಕಂಪ್ಯೂಟರಿಗೆ ಹೋಗಿ ಅಂದರು. ಚನ್ನರಾಯಪಟ್ಟಣದಲ್ಲಿ ಹಳೆಯದಿತ್ತು, ವೈರು ಕೂತಿತು, ಆದರೆ ಮಾಹಿತಿ ಎಳೆದುಕೊಳ್ಳುವ ಸಾಫ್ಟ್‌ವೇರ್ ಹಾಕಿರಲಿಲ್ಲ. ಅರಕಲಗೂಡಿನಲ್ಲಿ ಎರಡೂ ಇದ್ದವಂತೆ, ಕೋಣೆಯ ಬೀಗದ ಕೈ ಮಾತ್ರ ರಜೆಯ ಮೇಲೆ ಹೋದವರ ಜೇಬಿನಲ್ಲಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಕೊನೆಗೆ ಜುಲೈನಲ್ಲಿ ಹಾಸನದ ತಮ್ಮ ಘಟಕದಲ್ಲೇ ಅದು ಸಿಕ್ಕಿತು. ನಾಲ್ಕು ತಾಲ್ಲೂಕಿಗೆ ಒಂದೇ ಒಂದು! ಮುನ್ನೂರ ನಲವತ್ತು ಮೀಟರು ಹಂಚುವ ಮೊದಲು ಒಂದು ವೈರನ್ನಾದರೂ ಒಂದು ತೂತಿಗೆ ಹಾಕಿ ನೋಡಬೇಕು ಅಂತ ತಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲವೇ?

ಆದರೆ ನನ್ನ ತಕರಾರು ಸಿಗದ ಕಂಪ್ಯೂಟರಿನ ಬಗ್ಗೆ ಅಲ್ಲ, ಸಿಕ್ಕ ಕಂಪ್ಯೂಟರಿನ ಬಗ್ಗೆ. ಅದಕ್ಕೆ ಮುಂಚೆ ಸುಬ್ಬಮ್ಮನ ಮನೆಯ ರೀತಿ ತಮಗೆ ತಿಳಿದಿರಬೇಕು.

ತಿಂಗಳಿಗೆ ಐವತ್ತು ಪಟ್ಟಿಯ ಒಂದು ಡಬ್ಬಿ ಕೊಡುತ್ತಿದ್ದಿರಿ. ವೈದ್ಯರು ಹೇಳಿದ್ದು ದಿನ ಬಿಟ್ಟು ದಿನ, ಬೆಳಿಗ್ಗೆ ಒಂದು, ಸಂಜೆ ಒಂದು. ಅಂದರೆ ಮೂವತ್ತು. ಮಿಕ್ಕ ಇಪ್ಪತ್ತು? ಮುಂದಿನ ತಿಂಗಳು ಹೊಸ ಡಬ್ಬಿ ಬಂದೇ ಬರುತ್ತದೆ, ತೆರೆದ ಡಬ್ಬಿ ಇಟ್ಟರೆ ಕೆಡುತ್ತದೆ. ಹಸು ಕಟ್ಟಿದ ಮನೆಯ ಹೆಂಗಸು, ಹೆಪ್ಪು ಕೇಳಿ ಬಂದವರಿಗೆ ಇಲ್ಲ ಎಂದವಳಲ್ಲ. ಪಟ್ಟಿಯನ್ನೂ ಹಾಗೇ ಕೊಟ್ಟಳು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಪುಟ್ಟತಾಯಮ್ಮ ಬರುತ್ತಿದ್ದಳು, ಪರಮಶಿವಯ್ಯ ಬರುತ್ತಿದ್ದರು, ಇನ್ನೂ ನಾಲ್ಕಾರು ಮಂದಿ. ಸೂಜಿ ಅವರವರದು, ಯಂತ್ರ ಇವಳದು. ಸಂಜೆ ಮಾತ್ರ ಯಾರೂ ಬರುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಆಚೆ ಹೋಗಬಾರದಲ್ಲ, ಪಟ್ಟಿಗೂ ಅದೇ ಕಟ್ಟಳೆ. ಹೀಗಾಗಿ ಮೀಟರಿನೊಳಗೆ ಸಂಜೆಯ ಅಂಕಿಗಳೆಲ್ಲ ಸುಬ್ಬಮ್ಮನವು, ಬೆಳಗಿನವು ಬೀದಿಯವರೆಲ್ಲರವು.

ಅವಳೇನು ಪೆದ್ದಿಯಲ್ಲ. ಡೇರಿಯ ಪುಸ್ತಕದಂತೆ ಒಂದು ನೋಟುಬುಕ್ಕಿಗೆ ಗೆರೆ ಎಳೆದು ಹೆಸರು, ಹೊತ್ತು, ಅಂಕಿ ಮೂರನ್ನೂ ಬರೆದಿಟ್ಟಳು. ಹಾಲೆಲ್ಲ ಒಂದೇ ಕ್ಯಾನಿಗೆ ಸುರಿದರೂ ಯಾರ ಹಾಲು ಎಂಥದು ಎಂದು ಡೇರಿಯಲ್ಲಿ ಬೇರೆ ಬೇರೆ ಬರೆಯುತ್ತಾರೆ. ಕಂಪ್ಯೂಟರೂ ಅಷ್ಟು ಮಾಡದೆ ಇರುತ್ತದೆಯೇ ಎಂದು ನಂಬಿದಳು. ಅವಳ ತಪ್ಪು ಅದೊಂದೇ. ತಮ್ಮನ್ನು ಡೇರಿಯ ಕಾರ್ಯದರ್ಶಿಯಷ್ಟು ಜಾಣರೆಂದುಕೊಂಡಳು.

ಹಾಸನದಲ್ಲಿ ವೈರು ಕೂತಿತು. ಕಂಪ್ಯೂಟರಿನ ಮುಂದಿದ್ದ ಗಂಗಾಂಬಿಕೆ ಎಂಬಾಕೆ ಗುಂಡಿ ಒತ್ತಿದರು, ಒಂದು ಹಾಳೆ ಹೊರಬಂತು. ಕೊನೆಯ ಐವತ್ತು ಅಂಕಿಗಳಲ್ಲಿ ಒಂದೂ ಅದರಲ್ಲಿಲ್ಲ, ಇದ್ದದ್ದು ಎರಡೇ ಸಾಲು. ಬೆಳಗಿನ ಸರಾಸರಿ ೨೧೧, ಸಂಜೆಯ ಸರಾಸರಿ ೧೨೮. ಸುಬ್ಬಮ್ಮ ಸೆರಗಿನಡಿಯಿಂದ ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. "ಇದ್ರಾಗೆ ಯಾರ್ ಯಾರ್ದು ಅಂತ ಬರ್ದಿವ್ನಿ ಕಣವ್ವ, ವಸಿ ನೋಡಿ" ಅಂದಳು. ಆಕೆ ಪಾಪ ಕೈ ಚಾಚಿದ್ದರು. ಆಮೇಲೆ ಗೋಡೆಯ ಮೇಲಿನ 'ಕೈಬರಹ ಸ್ವೀಕರಿಸಲಾಗುವುದಿಲ್ಲ' ಎಂಬ ಬೋರ್ಡು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಪುಸ್ತಕ ಮುಟ್ಟಿದರೆ ತನ್ನ ಗುತ್ತಿಗೆ ಕೆಲಸ ಹೋಗುತ್ತದೆ ಅಂದರು. ನಾನು ಏರು ದನಿಯಲ್ಲಿ ಮಾತಾಡಿದೆ. ಒಳಗಿನಿಂದ ಯಾರೋ ಬಂದು, ಯಂತ್ರ ಸುಳ್ಳು ಹೇಳುವುದಿಲ್ಲ ಮೇಷ್ಟ್ರೇ, ಮನುಷ್ಯರು ಬರೆದುಕೊಂಡು ಬರುವುದೇ ಸುಳ್ಳು ಎಂದು ನನಗೆ ಪಾಠ ಹೇಳಿದರು.

ಆ ಹಾಳೆ ವೈದ್ಯರ ಮೇಜಿಗೆ ಹೋಯಿತು. ಹೊರಗೆ ನೂರು ಜನ ಕಾಯುತ್ತಿದ್ದ ದಿನ ಅವರು ಕಾಗದ ನೋಡಿದರು. ಸಂಜೆ ಸರಿಯಿದೆ, ಬೆಳಿಗ್ಗೆ ಏರುತ್ತಿದೆ. ಅಂದರೆ ರಾತ್ರಿಯ ಇನ್ಸುಲಿನ್ ಸಾಲದು. ಹನ್ನೆರಡು ಯೂನಿಟ್ಟನ್ನು ಇಪ್ಪತ್ತು ಮಾಡಿದರು. ಹಾಳೆಯ ಮಟ್ಟಿಗೆ ಅದು ಸರಿಯಾದ ಚಿಕಿತ್ಸೆ. ಹಾಳೆಗೆ ಕೊಟ್ಟ ಔಷಧಿಯನ್ನು ಹೆಣ್ಣುಮಗಳು ಚುಚ್ಚಿಕೊಂಡಳು. ಅನುಮಾನದಿಂದ ಒಮ್ಮೆ ನನ್ನನ್ನು ಕೇಳಿದಳು, "ಎಂಟ್ ಜಾಸ್ತಿ ಆಯ್ತಲ್ವಾ ಮೇಷ್ಟ್ರೇ?" ವೈದ್ಯರು ಬರೆದಿದ್ದಾರಮ್ಮ ಎಂದೆ. ನೋಟುಬುಕ್ಕು ಮೇಜಿನ ಮೇಲೆ ಬಿದ್ದಿದ್ದನ್ನು ಕಣ್ಣಾರೆ ಕಂಡ ನಾನು, ಗಣಿತದ ಮೇಷ್ಟರು, ಹಾಗೆ ಅಂದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಹಸು ಕೂಗುತ್ತಲೇ ಇತ್ತು. ಹಾಲು ಕರೆಯಲು ಇನ್ನೂ ಎದ್ದಿಲ್ಲವಲ್ಲ ಎಂದು ರಾಮಣ್ಣ ಒಳಗೆ ಹೋಗಿ ನೋಡಿದ. ಮೈ ಬೆವೆತು ತಣ್ಣಗಾಗಿತ್ತು, ಕರೆದರೆ ಮಾತಿಲ್ಲ. ನಾನು ಅದೇ ಮೀಟರಿನಲ್ಲಿ ನೋಡಿದೆ, ಇಪ್ಪತ್ತನಾಲ್ಕು. ಸಕ್ಕರೆ ನೀರು ಬಾಯಿಂದ ಆಚೆಗೇ ಹರಿಯಿತು. ಹಾಸನಕ್ಕೆ ಒಯ್ದೆವು. ಮೂರು ದಿನ ಕಣ್ಣು ಬಿಡಲಿಲ್ಲ, ನಾಲ್ಕನೆಯ ದಿನ ಹೋದಳು. ನಲವತ್ತಾರು ವಯಸ್ಸು.

ಆಮೇಲೆ ನಾನು ನೋಟುಬುಕ್ಕು ಹಿಡಿದು ಕೂತೆ. ಕೆಟ್ಟ ಮೇಲೆ ಬುದ್ಧಿ ಬಂತು. ಆ ತಿಂಗಳ ಬೆಳಗಿನ ಅಂಕಿಗಳು ಮೂವತ್ತೈದು, ಅದರಲ್ಲಿ ಸುಬ್ಬಮ್ಮನವು ಹದಿನೈದು. ಅವುಗಳ ಸರಾಸರಿ ನೂರ ಹನ್ನೆರಡು. ಚಿನ್ನದಂಥ ಸಕ್ಕರೆ, ಒಂದು ಯೂನಿಟ್ಟೂ ಏರಿಸುವ ಅಗತ್ಯವಿರಲಿಲ್ಲ. ಮೀಟರಿನ ಪ್ರಕಾರ ಒಂದು ದಿನ ಆರೂ ಐವತ್ತಕ್ಕೆ ನೂರ ಹತ್ತು ಇದ್ದವಳಿಗೆ ಏಳೂ ಹತ್ತಕ್ಕೆ ಮುನ್ನೂರ ಎಂಬತ್ತೆರಡು ಇದೆ. ಇಪ್ಪತ್ತು ನಿಮಿಷದಲ್ಲಿ ಬೆಲ್ಲದ ಅಚ್ಚನ್ನೇ ನುಂಗಿದರೂ ಹಾಗೆ ಏರುವುದಿಲ್ಲ ಎಂದು ಯಾರಾದರೂ ಹೇಳುತ್ತಿದ್ದರು, ಅಂಕಿಗಳನ್ನು ಅಚ್ಚು ಹಾಕಿಸಿದ್ದರೆ. ತಾವು ಸರಾಸರಿ ಮಾತ್ರ ಹಾಕಿಸಿದಿರಿ.

ಆ ಮುನ್ನೂರ ಎಂಬತ್ತೆರಡು ನನ್ನದು, ಮಾನ್ಯರೇ. "ನಿಮ್ದೂ ಒಂದ್ಸಲ ನೋಡ್ಬುಡಾನ ಬನ್ನಿ ಮೇಷ್ಟ್ರೇ" ಎಂದು ಅವಳೇ ಕರೆದು ಕೂರಿಸಿ ಚುಚ್ಚಿದಳು. ನನಗೆ ಸಕ್ಕರೆ ಕಾಯಿಲೆ ಇದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಅವಳಿಂದ ನಾನು ಮಾತ್ರೆ ತಿಂದು ಉಳಿದುಕೊಂಡೆ. ನನ್ನ ಅಂಕಿ ಸೇರಿ ಅವಳು ಸತ್ತಳು. ಇದನ್ನು ರಾಮಣ್ಣನಿಗೆ ಹೇಳದೆ ಇರಲಾಗಲಿಲ್ಲ. ಆತ, "ಅವ್ಳೇ ಕರ್ದಿದ್ದು ಅಲ್ವಾ ಸಾ, ನೀವೇನ್ ಕೇಳ್ಕಂಡ್ ಬಂದಿದ್ರಾ" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಷ್ಟನ್ನೂ ಒಂದೂ ಮುಚ್ಚಿಡದೆ ತಮಗೆ ಬರೆದೆ, ನೋಟುಬುಕ್ಕಿನ ನಕಲು ಸೇರಿಸಿದೆ. ಉಳಿದ ಮೀಟರುಗಳಲ್ಲೂ ಹೀಗೇ ಆಗಿರಬಹುದು, ಬೇಗ ನೋಡಿ ಎಂದು ಬೇಡಿಕೊಂಡೆ. ತಾವು ನನ್ನ ಅರ್ಜಿಯಿಂದ ಒಂದೇ ವಾಕ್ಯ ಎತ್ತಿಕೊಂಡಿರಿ. ಮೃತರು ಸಾಧನವನ್ನು ಇತರರೊಂದಿಗೆ ಹಂಚಿಕೊಂಡು ದುರ್ಬಳಕೆ ಮಾಡಿರುವುದಾಗಿ ಅರ್ಜಿದಾರರೇ ಒಪ್ಪಿರುವುದರಿಂದ ಕಡತ ಮುಕ್ತಾಯಗೊಳಿಸಲಾಗಿದೆಯಂತೆ. ಭೇಷ್! ಕೈಬರಹ ಸ್ವೀಕರಿಸುವುದಿಲ್ಲ ಎಂದವರು ನನ್ನ ಕೈಬರಹವನ್ನು ಎಷ್ಟು ಚೆನ್ನಾಗಿ ಸ್ವೀಕರಿಸಿದಿರಿ. ಕೊಡಬೇಡಿ ಎಂದು ಅವಳಿಗೆ ಯಾವ ಸುತ್ತೋಲೆಯಲ್ಲಿ ಹೇಳಿದ್ದಿರಿ? ಇಪ್ಪತ್ತು ಪಟ್ಟಿಯನ್ನು ಕೊಳೆಯಲು ಬಿಟ್ಟಿದ್ದರೆ ಸದ್ಬಳಕೆಯೇ?

ನನಗೆ ಬೇಕಾದದ್ದು ದೊಡ್ಡದೇನಲ್ಲ. ಉಳಿದ ಮುನ್ನೂರ ಮೂವತ್ತೊಂಬತ್ತು ಜನರ ಅಂಕಿಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿ, ಯಾವುದು ಯಾರದೆಂದು ಅವರನ್ನೇ ಕೂರಿಸಿಕೊಂಡು ಕೇಳಿ. ಅಲ್ಲಿಯವರೆಗೆ ಸರಾಸರಿ ನೋಡಿ ಯಾರ ಇನ್ಸುಲಿನ್ನೂ ಏರಿಸಕೂಡದು. ಗೋಡೆಯ ಆ ಬೋರ್ಡನ್ನು ಕೆಳಗಿಳಿಸಿ. ಸುಬ್ಬಮ್ಮನ ಕಡತದಿಂದ ಆ ಪದ ಹೊಡೆದುಹಾಕಿ.

ಇದ್ಯಾವುದೂ ಆಗುವುದಿಲ್ಲ ಎಂದಾದರೆ ಇನ್ನೊಂದು ಕೆಲಸವಾದರೂ ಮಾಡಿ. ತಮ್ಮ ಪತ್ರ ಬಂದದ್ದು ರಾಮಣ್ಣನ ಹೆಸರಿಗೆ. ಆತ ಓದಿಕೊಂಡವನಲ್ಲ, ನನ್ನ ಕೈಗೆ ಕೊಟ್ಟು, "ಏನ್ ಬರ್ದವ್ರೆ ಸಾ, ತಪ್ಪಾಯ್ತು ಅಂದವ್ರಾ?" ಎಂದು ಕೇಳಿದ. ಕನ್ನಡಕ ಒಡೆದಿದೆ, ಆಮೇಲೆ ಓದುತ್ತೇನೆ ಎಂದೆ. ಆತ ದಿನಾ ಬೆಳಿಗ್ಗೆ ಬಂದು ಕನ್ನಡಕ ಸರಿಯಾಯಿತೇ ಎಂದು ಕೇಳುತ್ತಿದ್ದಾನೆ. ಆ ಪತ್ರ ಓದಲು ನನ್ನ ಬಾಯಲ್ಲಿ ಆಗುವುದಿಲ್ಲ. ಹರದನಹಳ್ಳಿಗೆ ಬಸ್ಸಿದೆ. ತಾವೇ ಬಂದು ಆತನ ಎದುರು ಕೂತು, ಮುಖ ನೋಡಿಕೊಂಡು ಓದಿ.

ಇಂತಿ,
ತಮ್ಮ ಕಂಪ್ಯೂಟರಿನಲ್ಲಿ ಇಂದಿಗೂ ಸುಬ್ಬಮ್ಮ ಎಂದೇ ದಾಖಲಾಗಿರುವ
ವರದರಾಜ, ನಿವೃತ್ತ ಗಣಿತ ಶಿಕ್ಷಕ
ಹರದನಹಳ್ಳಿ, ೧೨ ನವೆಂಬರ್ ೨೦೦೭