ನನ್ನ ಕಾಲನ್ನು ಅಳೆದು ನನ್ನನ್ನು ಕೇಳದವರಿಗೆ

ಭೌತಚಿಕಿತ್ಸೆಯ ಪ್ರಗತಿ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನಲ್ಲಿ ಪ್ರಗತಿ ಕಾಣುತ್ತಿಲ್ಲವಾದ್ದರಿಂದ ನನ್ನ ಚಿಕಿತ್ಸೆಯನ್ನು ನಿಲ್ಲಿಸಬೇಕೆಂದು ಈ ಏಪ್ರಿಲ್‌ನಲ್ಲಿ ತಮ್ಮ ಸಮಿತಿ ತೀರ್ಮಾನಿಸಿತು. ಕಾಣುತ್ತಿಲ್ಲ ಅಂದರೆ ಯಾರಿಗೆ ಕಾಣುತ್ತಿಲ್ಲ ಸ್ವಾಮಿ? ಕಾಲು ನನ್ನದು, ಕಾಯಿಲೆ ನನ್ನದು, ಬಿದ್ದರೆ ಒಡೆಯುವ ಹಣೆಯೂ ನನ್ನದೇ. ಅಂಥ ನನ್ನನ್ನು ತಮ್ಮ ಸಮಿತಿ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಮ್ಮ ಕಚೇರಿಗೆ ಬರೆದು ನೋಡಿದೆ, ಉತ್ತರವಿಲ್ಲ. ಆದ್ದರಿಂದ ನಾಲ್ಕು ಜನ ಓದಲಿ ಎಂದೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕೋಪದಲ್ಲಿ ಬರೆಯುತ್ತಿದ್ದೇನೆ ಎಂಬುದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ.

ನಾನು ಜಯನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗಲೇ ಬಲಗಾಲು ಇದೆಯೋ ಇಲ್ಲವೋ ತಿಳಿಯದಾಯಿತು. ನಾನಾ ಆಸ್ಪತ್ರೆ ಸುತ್ತಿದ ಮೇಲೆ ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆಂದು ಗೊತ್ತಾಯಿತು. ಮೆದುಳು ಕಾಲಿಗೆ ಹೇಳಿಕಳಿಸುವ ಮಾತು ನರದಲ್ಲೇ ಎಲ್ಲೋ ತಪ್ಪಿಹೋಗುವ ಕಾಯಿಲೆ. ಪೂರ್ತಿ ವಾಸಿಯಾಗುವುದಿಲ್ಲ, ಹಾಸಿಗೆ ಹಿಡಿಯದೆ ಇರಬೇಕಾದರೆ ವ್ಯಾಯಾಮ ಬಿಡಬೇಡಿ ಎಂದರು. ಹಾಗೆ ತಮ್ಮ ವಿಭಾಗಕ್ಕೆ ಬಂದೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಚಲುವರಾಜು ಅವರು ಬೈದು, ನಗಿಸಿ, ಕೈಹಿಡಿದು ನನ್ನನ್ನು ನಿಲ್ಲಿಸಿದರು. ಚಳಿಗಾಲ ಮುಗಿಯುವಷ್ಟರಲ್ಲಿ ನನ್ನ ಸೀರೆಯ ನೆರಿಗೆಯನ್ನು ನಾನೇ ಹಿಡಿಯುತ್ತಿದ್ದೆ. ಒಲೆಯ ಮುಂದೆ ಹಾಲು ಉಕ್ಕುವ ತನಕ ಏನನ್ನೂ ಹಿಡಿಯದೆ ನಿಲ್ಲುತ್ತಿದ್ದೆ. ಇದನ್ನೆಲ್ಲ ಅವರಿಗೆ ಹೇಳಿದಾಗ ಅವರಿಗೆ ಸಂತೋಷವಾಯಿತು, ಆದರೆ ಕೈಚೆಲ್ಲಿದರು.

"ತುಂಬಾ ಒಳ್ಳೇದಾಯ್ತು ಮೇಡಂ. ಆದ್ರೆ ಕಮಿಟಿಯವರು ನೆರಿಗೆ, ಹಾಲು ಎಲ್ಲಾ ಒಪ್ಪಲ್ಲ. ಅವರಿಗೆ ನಂಬರ್ ಬೇಕು."

ನಂಬರ್ ಮೇಲೆ ನನಗೇನು ದ್ವೇಷವೇ? ಇಷ್ಟು ವರ್ಷ ಅನ್ನ ತಿಂದದ್ದೇ ಅದರಿಂದ. ಸರಿ, ಅಳೆಯಲಿ ಎಂದುಕೊಂಡೆ.

ಪರಿಶೀಲನೆಯ ದಿನ ಬಂತು. ನಮ್ಮ ಅತ್ತೆ ನಾಗಲಕ್ಷ್ಮಮ್ಮನವರು ಬೆಳಗಾಗುವುದರೊಳಗೆ ಎದ್ದು ಬಚ್ಚಲ ಹಂಡೆಗೆ ಉರಿ ಹಾಕಿದ್ದರು. ಕಾಯಿಲೆ ಬಂದಾಗಿನಿಂದ ಜಾರಿ ಬಿದ್ದೇನೆಂಬ ಭಯಕ್ಕೆ ನನ್ನದು ಉಗುರುಬೆಚ್ಚಗಿನ ನೀರಿನ ಗಡಿಬಿಡಿ ಸ್ನಾನ. ಅವತ್ತು ಮಾತ್ರ ಅವರು ಬಿಡಲಿಲ್ಲ.

"ಅಷ್ಟೊಂದು ದೊಡ್ಡ ಡಾಕ್ಟ್ರುಗಳು ನೋಡ್ತಾರಂತೆ, ಜಿಡ್ಡು ತಲೇಲಿ ಹೋಗಿ ನಿಂತ್ಕೋತೀಯಾ ಭಾಮಾ? ಬಾ, ತಲೆಗೆ ಎರೀತೀನಿ."

ಸೀಗೆಕಾಯಿ ಹಚ್ಚಿ, ಹಬೆಯಾಡುವ ನೀರನ್ನು ಚೊಂಬು ಚೊಂಬು ಹೊಯ್ದರು. ಆಮೇಲೆ ಕೂದಲಿಗೆ ಸಾಂಬ್ರಾಣಿ ಹೊಗೆ, ಮೈಮೇಲೆ ರೇಷ್ಮೆ ಸೀರೆ. ತಮ್ಮಂಥವರ ಮುಂದೆ ಬರುವಾಗ ಶುದ್ಧವಾಗಿ, ಲಕ್ಷಣವಾಗಿ ಬರಬೇಕೆಂಬುದು ನಮ್ಮ ಮನೆಯ ರೀತಿ. ಬಚ್ಚಲಿನಿಂದ ಎದ್ದಾಗಲೇ ಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಪರೀಕ್ಷೆಯ ಹೆದರಿಕೆ ಇರಬೇಕೆಂದು ಅತ್ತೆ ಒಂದು ಲೋಟ ಬಿಸಿ ಕಾಫಿಯನ್ನೂ ಕುಡಿಸಿದರು. ನಾನೂ ನಮ್ಮ ಯಜಮಾನರೂ ಆಟೋದಲ್ಲಿ ಬಂದು ತಮ್ಮ ಹಜಾರದಲ್ಲಿ ಕೂತೆವು. ಅದರ ಸೂರು ತಗಡಿನದು, ಹೊರಗೆ ಏಪ್ರಿಲ್ ಬಿಸಿಲು. ಸದಸ್ಯರು ಹೊರರೋಗಿಗಳನ್ನೆಲ್ಲ ನೋಡಿ ಮುಗಿಸಿದ ಮೇಲೆಯೇ ನಮ್ಮ ಸರದಿ. ಮಟಮಟ ಮಧ್ಯಾಹ್ನದಲ್ಲಿ ನನ್ನ ಹೆಸರು ಕೂಗಿದರು.

ನೆಲದ ಮೇಲೆ ಸುಣ್ಣದ ಗೆರೆ ಎಳೆದಿತ್ತು. ಒಬ್ಬರ ಕೈಯಲ್ಲಿ ಗಡಿಯಾರ, ಇನ್ನೊಬ್ಬರ ಕೈಯಲ್ಲಿ ಟೇಪು. ನನ್ನ ಪಾದ ಒತ್ತಿ, ತಳ್ಳಿ, ಶಕ್ತಿಗೆ ಅಂಕ ಕೊಟ್ಟರು. ಗೆರೆಯ ಮೇಲೆ ಕಾಲೆಳೆದುಕೊಂಡು ಸ್ವಲ್ಪ ದೂರ ಹೋಗಿ ಗೋಡೆಗೆ ಆತುಕೊಂಡೆ. ಆಗ ತಾವು ನನ್ನ ಪಕ್ಕದಲ್ಲಿದ್ದ ನಮ್ಮ ಯಜಮಾನರ ಕಡೆಗೆ ತಿರುಗಿ ಕೇಳಿದಿರಿ, "ಮನೇಲಿ ಹೇಗ್ರೀ ಇವರು?"

ಅವರು ಬ್ಯಾಂಕಿನಲ್ಲಿ ಮೇಲಧಿಕಾರಿಗಳ ಮುಂದೆ ಕೈಕಟ್ಟಿ ನಿಂತು ಅಭ್ಯಾಸವಾದವರು. "ಏನೋ ಸಾರ್, ನಿಮ್ಮ ದಯೆ, ನಡೀತಿದೆ" ಎಂದರು.

"ಸಾರ್, ನಾನು ಈಗ ಮನೇಲಿ..." ಎಂದು ನಾನು ಬಾಯಿ ತೆರೆದೆ.

"ಇರಮ್ಮ, ಅವರು ಹೇಳಿದ್ರಲ್ಲ" ಎಂದಿರಿ. ಗಂಡ ದಯೆ ಎಂದದ್ದು ತಮಗೆ ವೈದ್ಯಕೀಯ ಸಾಕ್ಷ್ಯವಾಯಿತು. ಹೆಂಡತಿಯ ಬಾಯಲ್ಲಿದ್ದದ್ದು ತಮ್ಮ ಸಮಯ ಹಾಳುಮಾಡುವ ಹರಟೆಯಾಯಿತು. ನನ್ನ ಹಿಂದೆಯೇ ಇದ್ದವರು ಸಿದ್ದಾಪುರದ ಪಾಪಯ್ಯನವರು, ದರ್ಜಿ, ಇದೇ ಕಾಯಿಲೆಯವರು. ಹಜಾರದಲ್ಲಿ ಅವರು ನನಗೆ ಹೇಳಿದ್ದರು, "ಈಗ ಸೂಜಿಗೆ ದಾರ ಪೋಣಿಸ್ತೀನಿ ಕಣಮ್ಮ, ಯಾರನ್ನೂ ಕರೆಯಂಗಿಲ್ಲ." ಅವರನ್ನು ಸಹ ನಡೆಸಿ ನೋಡಿ, ಚಿಕಿತ್ಸೆ ಸಾಕೆಂದು ಮನೆಗೆ ಕಳಿಸಿದಿರಿ. ಆ ಮನುಷ್ಯನಿಗೆ ಹೊಟ್ಟೆ ತುಂಬುವುದು ಸೂಜಿಯಿಂದಲೋ, ಸುಣ್ಣದ ಗೆರೆಯಿಂದಲೋ?

ಮಾರನೆಯ ಬೆಳಿಗ್ಗೆ ನಾನು ಎಂದಿನ ಹಾಗೆ ಎದ್ದು ಬಾಗಿಲ ತನಕ ನಡೆದು ಹಾಲಿನವನಿಂದ ಹಾಲು ಹಾಕಿಸಿಕೊಂಡೆ. ನಿನ್ನೆ ಎಲ್ಲಿ ಹೋಗಿತ್ತು ಈ ಕಾಲು? ಮುಂದಿನ ಶುಕ್ರವಾರ ಅತ್ತೆ ಮತ್ತೆ ಹಂಡೆ ನೀರು ಎರೆದರು, ಕಾಲು ಮತ್ತೆ ಕೈಕೊಟ್ಟಿತು, ಸಂಜೆಗೆ ಸರಿಹೋಯಿತು. ಆಗ ನನಗೆ ಅನುಮಾನ ಬಂದು ಆಸ್ಪತ್ರೆಗೆ ಹೋಗಿ ತಮ್ಮದೇ ಸಮಿತಿಯ ಸದಸ್ಯರೊಬ್ಬರನ್ನು ಹಿಡಿದು ಕೇಳಿದೆ.

"ಹೌದಮ್ಮ, ಈ ಕಾಯಿಲೇಲಿ ಮೈ ಬಿಸಿಯಾದ್ರೆ ಹಾಗೇ ಆಗತ್ತೆ. ತಣ್ಣಗಾದ್ರೆ ಸರಿಹೋಗತ್ತೆ. ನಮಗೆಲ್ಲ ಗೊತ್ತಿರೋದೇ ಅದು."

"ಮತ್ತೆ ಅವತ್ತು ಒಂದು ಮಾತು ಕೇಳಬಾರ್ದಿತ್ತಾ ಸಾರ್?"

"ಸ್ನಾನ ಮಾಡಿದ್ರಾ, ಕಾಫಿ ಕುಡಿದ್ರಾ ಅಂತೆಲ್ಲ ಕೇಳ್ತಾ ಕೂತ್ಕೊಳಕ್ಕಾಗತ್ತೇನಮ್ಮ?"

ಗೊತ್ತಿತ್ತಂತೆ! ಗೊತ್ತಿಲ್ಲದೆ ಮಾಡಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಬಿಸಿಗೆ ಸೋಲುವ ಕಾಯಿಲೆಯವರನ್ನು ತಗಡಿನ ಕೆಳಗೆ ಬೇಯಿಸಿ, ಮಧ್ಯಾಹ್ನ ಎಬ್ಬಿಸಿ ನಡೆಸಿ, ಇವರು ಮುಂದುವರಿದಿಲ್ಲ ಎಂದು ಸಹಿ ಹಾಕಿದಿರಿ. ತಾವು ಅಳೆದದ್ದು ನಮ್ಮತ್ತೆಯ ಹಂಡೆಯ ಕಾವನ್ನು ಮತ್ತು ತಮ್ಮ ಸೂರಿನ ಬಿಸಿಯನ್ನು. ನನ್ನ ಆರು ತಿಂಗಳ ಶ್ರಮ ಆ ಟೇಪಿಗೆ ಸಿಗಲೇ ಇಲ್ಲ. ಜ್ವರ ಬಂದ ಹುಡುಗಿ ಲೆಕ್ಕ ತಪ್ಪು ಮಾಡಿದರೆ ನಮ್ಮ ಶಾಲೆಯ ಅತಿ ಬಿಗಿಯಾದ ಮೇಡಂ ಕೂಡ, ಯಾಕೆ ಪುಟ್ಟಿ ಮೈ ಸರಿಯಿಲ್ವಾ ಎಂದು ವಿಚಾರಿಸುತ್ತಾರೆ. ಅದಕ್ಕೆ ಯಾವ ಪದವಿಯೂ ಬೇಕಾಗಿಲ್ಲ.

ಇನ್ನೊಂದು ವಿಷಯವಿದೆ. ಗಂಡಸರೇ ತುಂಬಿದ್ದ ಆ ಕೋಣೆಯಲ್ಲಿ ಕೇಳಿದ್ದರೂ ಹೇಳಲು ನಾಚುತ್ತಿದ್ದೆನೇನೋ. ಈಗ ಊರಿಗೆಲ್ಲ ಹೇಳುತ್ತೇನೆ, ನಾಚಿಕೆಪಡಬೇಕಾದವರು ಬೇರೆ ಇದ್ದಾರೆ. ಕಾಯಿಲೆ ಬಂದ ಮೇಲೆ ನಾನು ಕಕ್ಕಸಿಗೆ ಹೋದರೆ ಬಾಗಿಲು ತೆರೆದೇ ಇರಬೇಕಿತ್ತು. ಬಿದ್ದರೆ ಹಿಡಿಯಲು ಅತ್ತೆ ಆಚೆ ನಿಂತಿರಬೇಕಿತ್ತು. ನನಗೆ ಮುಜುಗರವಾಗದಿರಲಿ ಎಂದು ಅವರು ಬೆನ್ನು ತಿರುಗಿಸಿ ಹೂ ಕಟ್ಟುತ್ತಾ ನಿಲ್ಲುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಒಂದು ದಿನ ನಾನೊಬ್ಬಳೇ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಒಳಗೇ ಕೂತು ಅತ್ತುಬಿಟ್ಟೆ. ಆಚೆ ನಮ್ಮತ್ತೆಯೂ ಅತ್ತರೆಂದು ಆಮೇಲೆ ಗೊತ್ತಾಯಿತು. ಪ್ರಗತಿ ಅಂದರೆ ನನಗೆ ಅದು. ಅದಕ್ಕೆ ತಮ್ಮಲ್ಲಿ ಎಷ್ಟು ಅಂಕವಿದೆ?

ಚಿಕಿತ್ಸೆ ನಿಂತಿತು. ಮನೆಯಲ್ಲೇ ವ್ಯಾಯಾಮ ಮಾಡುತ್ತೇನೆ, ಆದರೆ ವಾಲಿದಾಗ ಹಿಡಿಯುವ, ತಪ್ಪಿದಾಗ ತಿದ್ದುವ ಕೈ ಇಲ್ಲ. ಕಾಲು ದಿನದಿನಕ್ಕೆ ಬಿಗಿಯುತ್ತಿದೆ. ಹೋದ ವಾರದಿಂದ ಆ ಬಾಗಿಲು ಮತ್ತೆ ತೆರೆದಿದೆ.

ಆದ್ದರಿಂದ ಇದು ನನ್ನ ಬೇಡಿಕೆ, ಬಿನ್ನಹವೆಂದು ಓದಿಕೊಳ್ಳಬೇಡಿ. ನನ್ನ ಮತ್ತು ಪಾಪಯ್ಯನವರ ಚಿಕಿತ್ಸೆಯನ್ನು ಈ ವಾರವೇ ಮತ್ತೆ ಶುರುಮಾಡಿ. ನಮ್ಮನ್ನು ಅಳೆಯುವುದಾದರೆ ತಂಪು ಹೊತ್ತಿನಲ್ಲಿ ಅಳೆಯಿರಿ. ಟೇಪು, ಗಡಿಯಾರ ಎಲ್ಲ ಇರಲಿ, ಆದರೆ ಅವುಗಳ ಪಕ್ಕದಲ್ಲೇ ರೋಗಿಯ ಮಾತನ್ನು ರೋಗಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಿ, ಮುಂದಿನ ಸಲ ಅದನ್ನು ಓದಿ ಮತ್ತೆ ಕೇಳಿ. ಮೊದಲು ಏನು ಆಗುತ್ತಿರಲಿಲ್ಲ, ಈಗ ಏನು ಆಗುತ್ತಿದೆ, ಇಷ್ಟೇ ಪ್ರಶ್ನೆ. ಬೇಗ ಕೇಳಿ. ಈಗಲಾದರೆ ಇನ್ನೂ ನಿಂತುಕೊಂಡು ಉತ್ತರ ಹೇಳಬಲ್ಲೆ.

ಇಂತಿ,
ಕಾಲು ಸೋತರೂ ಬಾಯಿ ಸೋಲದ ತಮ್ಮ ರೋಗಿ,
ಸತ್ಯಭಾಮಾ ವೆಂಕಟಾಚಲ
ಜಯನಗರ, ಬೆಂಗಳೂರು
ಜೂನ್ ೧೯೮೪