ತಿರುವಿ ಹೊಲಿಯದ ಅಂಗಿ

ಹೊಲಿಗೆ ಅಂಗಡಿಯಿಂದ,
ತಾರೀಖು ಹದಿನಾಲ್ಕು, ಸೋಮವಾರ ಮಧ್ಯಾಹ್ನ

ಅಣ್ಣನಿಗೆ ತಂಗಿ ಮಾಡುವ ನಮಸ್ಕಾರ.

ಮೊದಲು ‘ಪ್ರೀತಿಯ ಅಣ್ಣನಿಗೆ’ ಅಂತ ಬರೆದಿದ್ದೆ. ಕೈ ಒಪ್ಪಲಿಲ್ಲ, ಹಾಳೆ ಹರಿದು ಹೊಸದು ತೆಗೆದುಕೊಂಡೆ. ಆರೋಗ್ಯ ಹೇಗಿದೆ? ಮೊಣಕಾಲು ನೋವು ಕಡಿಮೆಯಾಯಿತಾ? ಕೇಳಬೇಕಲ್ಲ, ಕೇಳಿದ್ದೇನೆ. ದೂರದ ಊರಲ್ಲಿ ಕೂತು ಇಲ್ಲಿಯ ಮಕ್ಕಳಿಗೆ ಧೈರ್ಯ ಹೇಳಿ ಉದ್ದುದ್ದ ಕಾಗದ ಬರೆಯುವಷ್ಟು ಗಟ್ಟಿಯಾಗಿದ್ದೀಯ, ಅದು ಗೊತ್ತಾಗಿದೆ. ನಿನ್ನ ಪುಟ್ಟಿಗೆ ನಾಲ್ಕು ಪುಟ, ಕೊನೆಯಲ್ಲಿ ‘ನಿಮ್ಮಮ್ಮನಿಗೆ ನೆನಪು ಹೇಳು’ ಅಂತ ಅರ್ಧ ಸಾಲು ನನಗೆ. ಬಹಳ ಉಪಕಾರವಾಯಿತು. ನಾವಿಲ್ಲಿ ಕ್ಷೇಮವಾಗಿಲ್ಲ.

ನಿನ್ನ ಮುದ್ದಿನ ಸೋದರಸೊಸೆಯನ್ನು, ಅಂದರೆ ನನ್ನ ಮಗಳನ್ನು, ಶಾಲೆಯಿಂದ ಹೊರಗೆ ಹಾಕಿ ಇವತ್ತಿಗೆ ಒಂಬತ್ತು ದಿನ. ಇಪ್ಪತ್ತೆಂಟಕ್ಕೆ ಕೊನೆಯ ಪರೀಕ್ಷೆ. ಅಷ್ಟರೊಳಗೆ ಕ್ಷಮಾಪಣೆ ಪತ್ರ ಬರೆದು ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಹತ್ತು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ. ಯಾಕೆ ಅಂತ ನಿನಗೆ ಗೊತ್ತು. ಆದರೂ ಪೂರ್ತಿ ಬರೆಯುತ್ತೇನೆ, ಅವಳು ನಿನಗೆ ಬರೆದಿರುವುದು ಬರೀ ಅವಳ ಶೌರ್ಯದ ಕಥೆಯಾಗಿರುತ್ತದೆ.

ಶಾಲೆ ಶುರುವಾದಾಗ ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಇಡೀ ಶಾಲೆಯ ಸಮವಸ್ತ್ರ ಹೊಲಿಯುವವಳ ಮಗಳಿಗೇ ಅಂಗಿ ಇಲ್ಲ. ನೀನು ಬಿಟ್ಟು ಹೋದ ಮಿಲ್ಲಿನ ಅಂಗಿ ಪೆಟ್ಟಿಗೆಯಲ್ಲಿತ್ತು. ಮಿಲ್ಲಿನ ನೀಲಿಯೂ ಶಾಲೆಯ ನೀಲಿಯೂ ಒಂದೇ, ಆಗ ಆ ಮಿಲ್ಲೇ ತಾನೇ ಎರಡಕ್ಕೂ ಬಟ್ಟೆ ನೇಯುತ್ತಿದ್ದದ್ದು. ಬಿಚ್ಚಿ, ಅವಳ ಅಳತೆಗೆ ಕತ್ತರಿಸಿ ಹೊಲಿದೆ. ಬಲತೋಳಿಗೆ ಮಾತ್ರ ಬೇರೆ ತುಂಡು ಹಾಕಿದೆ, ಅದು ಸ್ವಲ್ಪ ಗಾಢ ನೀಲಿ. ‘ಏನಮ್ಮಾ, ದರ್ಜಿ ಮಗಳಿಗೆ ಎರಡು ಬಣ್ಣದ ಅಂಗಿನಾ’ ಅಂತ ಮುಖ ಊದಿಸಿಕೊಂಡೇ ಹಾಕಿಕೊಂಡಳು.

ಹಳೇ ಬಟ್ಟೆಯಲ್ಲಿ ಹೊಸದು ಹೊಲಿಯುವಾಗ ತಿರುವಿ ಹೊಲಿಯಬೇಕು, ಒಳಮೈ ಹೊರಗೆ ಬರಬೇಕು. ಒಳಮೈಯ ಬಣ್ಣ ಬಿಸಿಲು ಕಂಡಿರುವುದಿಲ್ಲ. ನಿನ್ನೆ ಮೊನ್ನೆ ಸೂಜಿ ಹಿಡಿದವರಿಗೂ ಇದು ಗೊತ್ತು. ನಾನು ತಿರುವಲಿಲ್ಲ. ಅವಸರದಲ್ಲಿ ಮರೆತೆ ಅಂತ ಇವರ ಹತ್ತಿರ ಹೇಳಿದೆ. ನಿಜ ಹೇಳಲಾ? ತಿರುವಬೇಕಾದರೆ ಜೇಬು ಕಿತ್ತು ಹಾಕಬೇಕಿತ್ತು. ಆ ಜೇಬಿನಿಂದ ನೀನು ಅವಳಿಗೆ ಪೆಪ್ಪರಮೆಂಟು ತೆಗೆದುಕೊಡುತ್ತಿದ್ದೆ. ಕೀಳಲು ಮನಸ್ಸು ಬರಲಿಲ್ಲ. ನನ್ನ ಕರ್ಮ.

ಜೇಬಿನ ಮೇಲೆ ಏನಿತ್ತು ಹೇಳು? ಮುಷ್ಕರದ ದಿನಗಳಲ್ಲಿ ನೀವೆಲ್ಲ ಎದೆಗೆ ಹಾಕಿಕೊಂಡ ಹಳದಿ ಬಟ್ಟೆಯ ಮುಷ್ಟಿ. ಇನ್ನೂರು ಮುಷ್ಟಿ ಕತ್ತರಿಸಿ ಹೊಲಿದುಕೊಟ್ಟವಳು ನಾನೇ, ಮರೆತಿಲ್ಲ. ನಿನ್ನದನ್ನು ನಾನು ಎಂದೋ ಬಿಚ್ಚಿ ಎಸೆದಿದ್ದೆ. ಆದರೆ ಸುತ್ತಲ ಬಟ್ಟೆ ಮಾಸಿ, ಮುಷ್ಟಿ ಇದ್ದ ಜಾಗ ಮಾತ್ರ ಹೊಸ ನೀಲಿಯಾಗಿ ಉಳಿದಿತ್ತು. ಐದು ಬೆರಳೂ ಲೆಕ್ಕ ಹಾಕಬಹುದು. ಇವಳು ಅದೇನು ಅಂತ ನಿನ್ನನ್ನು ಕೇಳಿದಳು. ನೀನೋ, ಕಾಯುತ್ತಾ ಕೂತವನ ಹಾಗೆ, ಚಿತ್ರ ಬರೆದು ಕಳಿಸಿದೆ. ‘ಹೆದರಬೇಡ ಪುಟ್ಟಿ, ಎದೆ ಮೇಲೆ ಹಾಕ್ಕೊಳ್ಳೋದೂ ಒಂದು ಮಾತೇ. ಮಾತಾಡೋ ಹಕ್ಕು ಯಾರಪ್ಪನ ಮನೆ ಸ್ವತ್ತೂ ಅಲ್ಲ.’ ಆಹಾ! ನನ್ನದೇ ಅಂಗಡಿಯ ಹಳದಿ ದಾರ ತೆಗೆದು ಆ ಜಾಗವನ್ನು ತುಂಬಿಸಿದಳು. ಕಸೂತಿ ಅಚ್ಚುಕಟ್ಟಾಗಿತ್ತು, ಅದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಶಾಲೆಯ ಗಂಟೆ ಹೊಡೆಯುವ ಆಯಾ ಯಾರು ಗೊತ್ತಾ? ಮಿಲ್ಲಿನ ಗೇಟಿನಲ್ಲಿ, ಆ ಗಲಾಟೆಯ ದಿನ, ತಲೆಗೆ ಪೆಟ್ಟು ಬಿದ್ದು ಸತ್ತನಲ್ಲ ಕಾವಲುಗಾರ, ಅವನ ಹೆಂಡತಿ. ಹೊಡೆದವರು ಯಾರು ಅಂತ ನಾಲ್ಕು ವರ್ಷವಾದರೂ ಪತ್ತೆಯಾಗಿಲ್ಲ. ಎಲ್ಲರ ಎದೆಯ ಮೇಲೂ ಹಳದಿ ಮುಷ್ಟಿ ಇತ್ತು, ಅಷ್ಟೇ ಅವಳಿಗೆ ಗೊತ್ತಿರುವುದು. ಇವಳು ಅದನ್ನು ಹಾಕಿಕೊಂಡು ಗೇಟು ದಾಟಿದ ದಿನ ಆಕೆ ಗಂಟೆಯ ಕೋಲನ್ನು ನೆಲಕ್ಕಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಳಂತೆ. ಗಂಟೆ ಹೊಡೆಯಲಿಲ್ಲ ಅಂತ ಹೆಡ್‌ಮಾಸ್ತರರು ಹೊರಗೆ ಬಂದರು. ಮುಂದಿನದು ನಿನಗೇ ಗೊತ್ತಾಗುತ್ತದೆ.

ನಾನು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡಂತೆಯೇ ಶಾಲೆಗೆ ಓಡಿದೆ. ಅವರ ಮೇಜಿನ ಮುಂದೆ ಕೂತು ಒಂದೊಂದೇ ದಾರ ಬಿಚ್ಚಿದೆ. ಕನ್ನಡಕ ಏರಿಸಿ ನೋಡಿದರು, ‘ಇನ್ನೂ ಕಾಣ್ತಿದೆಯಲ್ಲಮ್ಮಾ’ ಅಂದರು. ಮನೆಗೆ ತಂದು ಸೋಡಾ ಹಾಕಿ ಕುದಿಸಿದೆ. ಇವರು ಇಸ್ತ್ರಿಪೆಟ್ಟಿಗೆ ತಂದು ಒತ್ತಿದ್ದೇ ಒತ್ತಿದ್ದು, ಕಾಲರು ಸುಟ್ಟಿತು, ಮುಷ್ಟಿ ಹೋಗಲಿಲ್ಲ. ಕೊನೆಗೆ ಹೊಸ ಬಟ್ಟೆಯಲ್ಲಿ ಹೊಸ ಅಂಗಿಯನ್ನೇ ಹೊಲಿದೆ. ಅದನ್ನು ಹಾಕಿಕೊಂಡು ಹೋದರೆ ಆ ಮನುಷ್ಯ ಹೇಳುತ್ತಾರೆ, ‘ಅಂಗಿ ಬದಲಾದ್ರೆ ಸಾಲದು, ಬುದ್ಧಿ ಬದಲಾಗ್ಬೇಕು.’ ಪತ್ರವನ್ನು ಅವರೇ ತಯಾರು ಮಾಡಿ ಇಟ್ಟಿದ್ದರು. ‘ಇದು ಕೊಲೆಗಾರರ ಗುರುತು, ನನ್ನ ಸೋದರಮಾವ ಅವರಲ್ಲಿ ಒಬ್ಬರು’ ಅಂತ ಬರೆದು ಸಹಿ ಹಾಕಬೇಕಂತೆ. ಹದಿನೈದು ವರ್ಷದ ಹುಡುಗಿಯ ಕೈಯಲ್ಲಿ! ನಾಲಿಗೆಯೂ ಸಮವಸ್ತ್ರ ಹಾಕಿಕೊಳ್ಳಬೇಕೇನು ಅಂತ ನಾನೂ ಕೂಗಾಡಿಬಿಟ್ಟೆ. ಶಾಲೆಯಲ್ಲಿ ಹಾಗೆಲ್ಲ ಕೂಗಬಾರದಂತೆ. ಕೂಗಿದೆ, ಏನೀಗ?

ನಿನ್ನ ಪುಟ್ಟಿ ಪೆನ್ನನ್ನು ಮುಟ್ಟಲಿಲ್ಲ. ‘ಗಂಟೆ ಅಮ್ಮನ ಹತ್ರ ಬೇಕಾದ್ರೆ ಕಾಲಿಗೆ ಬಿದ್ದು ಕೇಳ್ಕೋತೀನಿ, ಸತ್ತೋರು ಅವ್ರ ಗಂಡ ಅಂತ ನಂಗೆ ಗೊತ್ತಿರ್ಲಿಲ್ಲ. ಆದ್ರೆ ಮಾಮನ್ನ ಕೊಲೆಗಾರ ಅಂತ ಬರೆಯಲ್ಲ. ಪರೀಕ್ಷೆ ಹೋದ್ರೆ ಹೋಗ್ಲಿ.’ ನಾನು ಬೈದೆ, ಒಂದು ಏಟೂ ಹಾಕಿದೆ. ಆಮೇಲೆ ಅತ್ತವಳು ನಾನೇ. ಅವಳು ಅಳಲಿಲ್ಲ.

ಹೊರಗೆ ಬರುವಾಗ ಆಯಾ ಗೇಟಿನ ಹತ್ತಿರ ಕೈ ಹಿಡಿದುಕೊಂಡಳು. ‘ನಾನೇನೂ ದೂರು ಕೊಟ್ಟಿಲ್ಲಮ್ಮಾ. ಮಗು ಹಾಕ್ಕೊಳ್ಲಿ ಬಿಡಿ, ನಾನು ಆ ಕಡೆ ನೋಡಲ್ಲ ಅಷ್ಟೇ. ನಮ್ಮನೆಯವರೂ ಅದೇ ಮಿಲ್ಲಿನ ಅನ್ನ ತಿಂದೋರು. ಹೊಡೆದೋರು ಒಂದಿನ ಬಂದು ನಾನೇ ಅಂದ್ರೆ ಸಾಕು ನಂಗೆ.’ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಮಿಷನ್ ಮೇಲೆ ಕೆಲಸವಿದೆ ಅಂತ ಸುಳ್ಳು ಹೇಳಿ ಬಂದೆ.

ಇನ್ನು ನಿನಗೆ ಬರೆಯಲು ಏನೂ ಉಳಿದಿಲ್ಲ. ಇವರು ನಮಸ್ಕಾರ ತಿಳಿಸಿದ್ದಾರೆ, ಇವರಿಗೆ ಎಲ್ಲರ ಮೇಲೂ ಗೌರವ. ದೇವರು ನಿನಗೆ ಒಳ್ಳೆಯದು ಮಾಡಲಿ, ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ನಿನ್ನ ತಂಗಿ

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಂಚೆಯವರು ಬರುವ ಹೊತ್ತಾಯಿತು. ಆ ಅಂಗಿಗೆ ಬಲತೋಳು ಯಾಕೆ ಬೇರೆ ಹಾಕಿದೆ ಅಂತ ನೀನು ಕೇಳುವುದಿಲ್ಲ, ನಿನಗೆ ಗೊತ್ತು. ಗಲಾಟೆಯ ದಿನ ಹಿಂಬಾಗಿಲಿನಿಂದ ಬಂದು ಕಳಚಿ ಕೊಟ್ಟೆಯಲ್ಲ, ಅದೇ ಅಂಗಿ. ‘ಮಿಷನ್ ಎಣ್ಣೆ ಬಿದ್ದಿದೆ, ಒಗೆದುಬಿಡು’ ಅಂದೆ. ಇಪ್ಪತ್ತು ವರ್ಷ ಬಟ್ಟೆಯಲ್ಲೇ ಬದುಕಿದವಳಿಗೆ ಎಣ್ಣೆ ಯಾವುದು ರಕ್ತ ಯಾವುದು ಗೊತ್ತಾಗುವುದಿಲ್ಲವೇನು? ಒಗೆದೆ, ಬಲತೋಳಿನ ಕಲೆ ಮಾತ್ರ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಯಾರದೋ ತಲೆ ಒಡೆದಾಗ ಪಕ್ಕದಲ್ಲಿದ್ದೆಯೋ, ಬಿದ್ದವನನ್ನು ಎತ್ತಿ ಹಿಡಿದುಕೊಂಡೆಯೋ, ನೀನೇ ಹೊಡೆದೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ತೋಳು ಪೆಟ್ಟಿಗೆಯ ತಳದಲ್ಲಿ ಹಾಗೇ ಇದೆ. ಮಾತಾಡುವ ಹಕ್ಕಿನ ಬಗ್ಗೆ ಮಗುವಿಗೆ ನಾಲ್ಕು ಪುಟ ಬರೆದವನು, ಈಗ ಮಾತಾಡು. ನನಗೆ ಬೇಡ, ಅವಳಿಗೇ ಬರೆ, ಇಪ್ಪತ್ತೆಂಟರ ಒಳಗೆ ತಲುಪಲಿ. ಹೊಡೆದಿಲ್ಲವಾದರೆ ಹೊಡೆದಿಲ್ಲ ಅಂತ ಬರೆ, ಅದನ್ನು ಹಿಡಿದುಕೊಂಡು ನಾನೇ ಅವಳ ಜೊತೆ ಹೆಡ್‌ಮಾಸ್ತರರ ಮುಂದೆ ನಿಲ್ಲುತ್ತೇನೆ, ಮುಷ್ಟಿಯನ್ನು ನಾನೇ ಮತ್ತೆ ಹೊಲಿದುಕೊಡುತ್ತೇನೆ. ಹೊಡೆದಿದ್ದರೆ ಬರೆಯುವುದೂ ಬೇಡ, ಬಂದುಬಿಡು. ಬೆಳಿಗ್ಗೆ ಒಂಬತ್ತೂವರೆಗೆ ಆಯಾ ಗಂಟೆಯ ಹತ್ತಿರವೇ ಇರುತ್ತಾಳೆ.